ಎಂ.ಸಿ. ಅರಳು ತಿಥಿ ಊಟ

ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಜನ ಮೊದಲು ವಿಚಾರಿಸುವುದು ಅವರು ಹೇಗೆ ಮಾತಾಡುತ್ತಿದ್ದರು ಎಂಬುದನ್ನು. ತಿಥಿಗೆ ಹೋಗಬೇಕೋ ಬೇಡವೋ ಎನ್ನುವುದು ಅದರ ಮೇಲೆ ನಿಂತಿದೆ. ದೇಹವನ್ನು ಸುಟ್ಟರೂ ಹೂತರೂ ನಮ್ಮಲ್ಲಿ ಮಾತು ಉಳಿದುಬಿಡುತ್ತದೆ, ತಿಥಿ ಊಟದಲ್ಲಿ ಉಂಡವರಿಗೆಲ್ಲ ಹಂಚಿಹೋಗುತ್ತದೆ. ಯಾರ ಎಲೆಗೆ ಯಾವ ಮಾತು ಬಿತ್ತೆಂದು ಉಣ್ಣುವಾಗ ತಿಳಿಯುವುದಿಲ್ಲ. ಆಮೇಲೊಂದು ದಿನ ತಾನೇನೋ ಹೇಳಲೆಂದು ಬಾಯಿ ತೆರೆದರೆ ಸತ್ತವನ ಮಾತು ಹೊರಗೆ ಬೀಳುತ್ತದೆ. ಹಾಗೆ ಬಿದ್ದ ಮಾತು ಉಂಡವನನ್ನು ಸಾಯುವ ತನಕ ಬಿಡುವುದಿಲ್ಲ.

ಬಾಳಮ್ಮ ಎಂಬ ಮುದುಕಿ ಬದುಕಿದ್ದಷ್ಟು ದಿನವೂ "ಹೋಗ್ಲಿ ಬಿಡು" ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ಅವಳ ತಿಥಿಗೆ ಊರಿನ ಅತ್ತೆ ಸೊಸೆಯರೆಲ್ಲ, ತಾವು ಉಣ್ಣುವುದಕ್ಕಲ್ಲ, ಒಬ್ಬರಿಗೊಬ್ಬರು ಉಣ್ಣಿಸುವುದಕ್ಕೆ ನೂಕಾಡಿ, ಕಡೆಗೆ ಪೊಲೀಸರು ಬರಬೇಕಾಯಿತು. ಬಸ್ ಕಂಡಕ್ಟರೊಬ್ಬನ ತಿಥಿಯಲ್ಲಿ ಉಂಡ ನಮ್ಮ ಅರ್ಚಕರು ಇಂದಿಗೂ ಮಂಗಳಾರತಿಯ ನಡುವೆ "ಮುಂದಕ್ಕೋಗ್ರಿ, ಮುಂದೆ ಖಾಲಿ ಐತೆ" ಎನ್ನುತ್ತಾರೆ. ಭಕ್ತರು ಗರ್ಭಗುಡಿಯತ್ತ ಒಂದು ಹೆಜ್ಜೆ ಹೋಗಿ, ನೆನಪಾಗಿ, ಹಿಂದಕ್ಕೆ ಬರುತ್ತಾರೆ. ಎಲ್ಲಕ್ಕೂ ಒಗ್ಗಿಕೊಂಡ ಊರು ನಮ್ಮದು.

ಇದಕ್ಕೊಂದು ಮರ್ಯಾದೆಯೂ ಇದೆ. ಅಡುಗೆಯನ್ನು ಮನೆಯವರೇ ಮಾಡಬೇಕು, ಒಂದೇ ಸಲ ಮಾಡಬೇಕು. ಹೊರಗಿನವರು ಒಂದೆರಡು ತುತ್ತು ಉಂಡು ಕೈ ತೊಳೆಯಬೇಕು. ಅಡುಗೆ ಮಾಡಿದವರು ಕಡೇ ಪಂಕ್ತಿಗೆ ಕೂರಬೇಕು, ಸತ್ತವರ ಮನೆಯೊಳಗಿನ ಮಾತು ಅವರಿಗೆಂದು ಪಾತ್ರೆಯ ತಳದಲ್ಲಿ ಉಳಿದಿರುತ್ತದೆ. ತಳಕ್ಕೆ ಕೈ ಹಾಕಿದ ಹೊರಗಿನವನನ್ನು ಈ ಕಥೆ ನಡೆಯುವ ತನಕ ನಾನು ಕಂಡಿರಲಿಲ್ಲ.

ನಾನು ಮೈಕ್ ತೋಂಟಪ್ಪ. ಶಾಮಿಯಾನ, ಕುರ್ಚಿ, ಸೌಂಡು ಬಾಡಿಗೆಗೆ ಕೊಡುವವನು. ಊರಿನ ಭಾಷಣವೆಲ್ಲ ನನ್ನ ವಯರಿನೊಳಗೇ ಹಾದುಹೋಗುವುದರಿಂದ ನನಗೆ ಯಾರ ಮೇಲೂ ಅಂಥಾ ಗೌರವ ಉಳಿದಿಲ್ಲ. ಉಳಿದಿರುವ ಚೂರುಪಾರು ಗೌರವ ಹಿಟ್ಟಿನ ಗಿರಣಿಯ ದಾಕ್ಷಾಯಣಿಯ ಮೇಲೆ. ಈ ಕಥೆ ಅವಳದು.

ದಾಕ್ಷಾಯಣಿಯ ತಮ್ಮ ಕರಿಬಸವ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳೇ ಗಿರಣಿ ನಡೆಸಿ ಅವನನ್ನು ಸಾಕಿದಳು. ಗಿರಣಿಯಲ್ಲಿ ಬೆಲ್ಟು ತಿರುಗುವಾಗ ಮಾತು ಕೇಳಿಸಬೇಕಾದರೆ ಜೋರಾಗಿ ಆಡಬೇಕು, ಗಿರಾಕಿ ಡಬ್ಬ ಎತ್ತಿಕೊಂಡು ಹೋಗುವುದರೊಳಗೆ ಮುಗಿಸಬೇಕು. ಹಾಗೆ ಬೆಳೆದ ಹುಡುಗ ಬೆಲ್ಟಿನ ತಾಳಕ್ಕೆ ಸರಿಯಾಗಿ ಪ್ರಾಸ ಕಟ್ಟಿ, ಅರಳು ಹುರಿದಂತೆ ಮಾತಾಡತೊಡಗಿದ. ಮೀಸೆ ಬರುವ ಹೊತ್ತಿಗೆ ಅದಕ್ಕೆ ಹಿಪ್‌ಹಾಪ್ ಅನ್ನುತ್ತಾರೆಂದು ಮೊಬೈಲಿನಿಂದ ಅವನಿಗೆ ಗೊತ್ತಾಗಿ, ಎಂ.ಸಿ. ಅರಳು ಎಂದು ಹೆಸರಿಟ್ಟುಕೊಂಡ.

ಮಧ್ಯಾಹ್ನ ಗಿರಣಿ ನಿಲ್ಲಿಸಿ ದಾಕ್ಷಾಯಣಿ ಮನೆಗೆ ಬರುವಾಗ ತಲೆಯಿಂದ ಕಾಲಿನ ತನಕ ಹಿಟ್ಟು ಮೆತ್ತಿಕೊಂಡು ಬೆಳ್ಳಗಿರುತ್ತಿದ್ದಳು. ಜಗಲಿಯಲ್ಲಿ ಕೂತ ತಮ್ಮ ತಲೆಯೆತ್ತದೆ ಕೇಳುತ್ತಿದ್ದ: "ಲೇ ದೆವ್ವ, ಉಂಡ್ಯಾ?" ಅವಳು, "ಇಲ್ಲ ಕಣೋ, ಹಿಟ್ಟು ತೊಳ್ಕೊಂಡ್ ಬರ್ತೀನಿ ಇರು" ಅನ್ನುತ್ತಿದ್ದಳು. ಅಕ್ಕ ತಮ್ಮಂದಿರ ನಡುವಿನ ಅಕ್ಕರೆಯೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ಅವಳು ಉಣ್ಣದೆ ಅವನು ತಟ್ಟೆ ಮುಟ್ಟಿದ್ದನ್ನು ನಾನು ಕಾಣೆ.

ಊರು ಅವನನ್ನು ಸಹಿಸಲಿಲ್ಲ. ಸಹಿಸುವ ಹಾಗೆ ಅವನೂ ಹಾಡಲಿಲ್ಲ ಅನ್ನಿ. ಗಣಪತಿ ಪೆಂಡಾಲಿನಲ್ಲಿ ನನ್ನದೇ ಮೈಕು ಹಿಡಿದು ಪುರಸಭೆ ಅಧ್ಯಕ್ಷ ವೃಷಭೇಂದ್ರಪ್ಪನವರ ಎದುರಿಗೇ ಶುರು ಮಾಡಿದ: "ಚರಂಡಿಗ್ ಬಂದ ಸಿಮೆಂಟು, ಚೇರ್ಮನ್ ಮನೆ ಬೇಸ್‌ಮೆಂಟು, ಕೇಳಿದ್ರಂತಾನೆ ನೋಡ್ರಪ್ಪೋ, ಇದೇ ನಮ್ಮ ಡೆವಲಪ್‌ಮೆಂಟು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಅಧ್ಯಕ್ಷರು ಎದ್ದುನಿಂತು ಕರೆಂಟು ತೆಗೆಸಿದರು. ಪಕ್ಕದಲ್ಲಿದ್ದ ನಿವೃತ್ತ ಪ್ರೊಫೆಸರ್ ಅನಂತಶಯನರು, ಎರಡು ಕವನ ಸಂಕಲನಗಳ ಕರ್ತೃ, "ಇದು ಕಾವ್ಯವಲ್ಲ, ಅಜೀರ್ಣ" ಎಂದರು. ಮುಂದಿನ ವಾರ ಅನಂತಶಯನರ ಮೇಲೂ ಒಂದು ಹಾಡಾಯಿತು. ಅವರು ಮನೆಮನೆಗೆ ಹೋಗಿ ಅದು ತಮ್ಮ ಮೇಲಲ್ಲವೆಂದು ಹೇಳಿಬಂದಿದ್ದರಿಂದ ಕೇಳದವರಿಗೂ ಗೊತ್ತಾಯಿತು.

ಆಮೇಲೆ ಅವನಿಗೆ ಕರುಳಿನ ಕ್ಯಾನ್ಸರ್ ಬಂತು. ಆ ದಿನಗಳಲ್ಲೇ ಒಂದು ಬಸ್ ತಂಗುದಾಣದ ಉದ್ಘಾಟನೆ. ಅಧ್ಯಕ್ಷರು ಮೈಕು ಹಿಡಿದು, "ನಾಲಿಗೆ ಉದ್ದ ಇರೋರ ಆಯಸ್ಸು ಗಿಡ್ಡ ಇರ್ತದೆ ಕಣ್ರಪ್ಪ" ಎಂದರು. ಯಾರಿಗೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಜನ ನಕ್ಕರು. ನನ್ನ ಹಾರ್ನುಗಳಿಗೆ ಒಳ್ಳೆ ಹೆಸರಿದೆ, ಗಿರಣಿ ಬೀದಿಯ ತನಕ ಸ್ಪಷ್ಟವಾಗಿ ಕೇಳಿಸುತ್ತವೆ. ಒಳಮನೆಯಲ್ಲಿ ದಾಕ್ಷಾಯಣಿ ತಮ್ಮನ ಹಾಸಿಗೆಬಟ್ಟೆ ಬದಲಿಸುತ್ತಿದ್ದಳಂತೆ. ತಮ್ಮನೂ ನಕ್ಕನಂತೆ. ಅವಳು ನಗಲಿಲ್ಲ, ಆ ಮಾತನ್ನು ಮರೆಯಲೂ ಇಲ್ಲ.

ಆಸ್ಪತ್ರೆಯಲ್ಲಿ ಮಲಗಿಯೇ ಅವನು ಕಡೆಯ ಹಾಡು ಮಾಡಿದ. ಗುಟುಕು ಗಂಜಿಯೂ ಇಳಿಯುತ್ತಿರಲಿಲ್ಲ, ಕೈಯಲ್ಲಿ ತಾಳ ಹಾಕುವ ಶಕ್ತಿ ಇರಲಿಲ್ಲ. ಸ್ಟೀಲು ಲೋಟಕ್ಕೆ ಚಮಚ ಬಡಿದು ತಾಳ ಹಾಕಿದವಳು ದಾಕ್ಷಾಯಣಿ. "ಬದುಕಿದ್ದಾಗ ಬಾಯಿ ಮುಚ್ಚು, ಸತ್ತ ಮೇಲೆ ದೀಪ ಹಚ್ಚು, ಎಂಥಾ ಊರು ನಮ್ಮದಪ್ಪ, ಹೆಣಾ ಕಂಡ್ರೆ ಪ್ರೀತಿ ಹೆಚ್ಚು." ಪಕ್ಕದ ಹಾಸಿಗೆಯವರು ಅದನ್ನು ಮೊಬೈಲಿನಲ್ಲಿ ತೆಗೆದು ಯಾರಿಗೋ ಕಳಿಸಿದರು, ಅವರು ಇನ್ಯಾರಿಗೋ ಕಳಿಸಿದರು. ಅವನು ಸಾಯುವ ಹೊತ್ತಿಗೆ ನಮ್ಮ ಊರಿನ ಹೆಸರೇ ಕೇಳದ ಜನ ಅದನ್ನು ಗುನುಗುತ್ತಿದ್ದರು. ಹೆಣ ಮನೆಗೆ ಬರುವುದಕ್ಕೂ ಟೀವಿಯವರ ವ್ಯಾನು ಬರುವುದಕ್ಕೂ ಸರಿಹೋಯಿತು.

ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರಲ್ಲ, ಆ ಎಮ್ಮೆಯ ಹಾಲು ಕರೆಯಲು ಇಡೀ ಊರೇ ತಂಬಿಗೆ ಹಿಡಿದು ನಿಂತಿತು. ಅಧ್ಯಕ್ಷರು ಕ್ಯಾಮೆರಾದ ಎದುರು "ನಮ್ಮ ಮನೆ ಮಗ" ಎಂದರು. ಪ್ರೊಫೆಸರರು "ನನ್ನ ಪ್ರೋತ್ಸಾಹದಿಂದ ಬೆಳೆದ ಪ್ರತಿಭೆ" ಎಂದರು. ಇಬ್ಬರಿಗೂ ಒಂದು ಲೆಕ್ಕಾಚಾರ ಹೊಳೆದಿತ್ತು. ಲೋಕವೆಲ್ಲ ಕೊಂಡಾಡುವ ಮಾತು ತಿಥಿಯಲ್ಲಿ ಪುಕ್ಕಟೆ ಸಿಗುವಾಗ ಬಿಡುವವನು ಮೂರ್ಖ. ಆ ಮಾತುಗಳು ಯಾರ ಮೇಲೆ ಕಟ್ಟಿದವು ಎಂಬುದನ್ನು ಅವರು ಆ ಭರದಲ್ಲಿ ಯೋಚಿಸಲಿಲ್ಲ. ತಮ್ಮನ್ನು ಬೈದದ್ದನ್ನು ಅವರು ಮೊದಲಿಂದಲೂ ಸರಿಯಾಗಿ ಕಿವಿಗೊಟ್ಟು ಕೇಳಿದವರಲ್ಲ.

ತಿಥಿಯ ಹಿಂದಿನ ದಿನ ಶಾಮಿಯಾನ ಹಾಕಲು ಹೋದಾಗ ದಾಕ್ಷಾಯಣಿ ಅಕ್ಕಿ ಆರಿಸುತ್ತಿದ್ದಳು. "ಅವನ ಹಾಡು ಯಾರಿಗ್ ಬೇಕೋ ತಗೊಂಡೋಗ್ಲಿ ತೋಂಟಣ್ಣ. ನಂಗೇನ್ ಹಾಡೋಕ್ ಬರ್ತದಾ? ನಂಗೊಂದ್ ಮಾತ್ ಉಳುದ್ರೆ ಸಾಕು" ಎಂದಳು. ಯಾವ ಮಾತೆಂದು ನಾನು ಕೇಳಲಿಲ್ಲ.

ಮರುದಿನ ಮೊದಲ ಪಂಕ್ತಿಯಲ್ಲಿ ಅಧ್ಯಕ್ಷರು ಕೂತರು, ಎರಡನೆಯದರಲ್ಲೂ ಕೂತರು. ಟೀವಿಯವರಿಗೆ ಬೆಳಕು ಸರಿಬರಲಿಲ್ಲವೆಂದು ಇನ್ನೊಮ್ಮೆ ಕೂತರು. ಪ್ರೊಫೆಸರರು ಕಣ್ಣು ಮುಚ್ಚಿಕೊಂಡು ನಿಧಾನವಾಗಿ, ತುಂಬಾ ಉಂಡರು. ಕೌನ್ಸಿಲರುಗಳು, ಅವರ ಹಿಂದಿನವರು, ಎಂದೂ ಒಂದು ಹಾಡೂ ಕೇಳದವರು, ಕ್ಯಾರಿಯರ್ ಹಿಡಿದು ಬಂದವರು. ದಾಕ್ಷಾಯಣಿ ಬಡಿಸುತ್ತ ಬಡಿಸುತ್ತ ಪಾತ್ರೆಯತ್ತ ನೋಡುತ್ತಿದ್ದಳು. ತಿಥಿಯಲ್ಲಿ ಸಾಕು ಎನ್ನುವ ಅಧಿಕಾರ ಬಡಿಸುವವರಿಗಿಲ್ಲ. ನಾನು ಒಂದು ತುತ್ತು ಉಂಡು ಎದ್ದೆ. ನನ್ನ ಪಾಲಿಗೆ ಬಂದದ್ದು "ಹಲೋ, ಚೆಕ್ ಚೆಕ್" ಎಂಬುದು, ಅದನ್ನು ನಾನು ಹೊಟ್ಟೆಪಾಡಿಗೆ ಹೇಗೂ ಹೇಳುತ್ತಲೇ ಇದ್ದೆ.

ಕೊನೆಗೆ ಪಾತ್ರೆಯ ತಳದಲ್ಲಿ ಹಿಡಿದುಕೊಂಡಿದ್ದ ಅನ್ನ ಮಾತ್ರ ಉಳಿಯಿತು. ದಾಕ್ಷಾಯಣಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಆ ಗಳಿಗೆಯಲ್ಲಿ ಅಧ್ಯಕ್ಷರು ಅಡುಗೆಮನೆಗೆ ನುಗ್ಗಿ, "ನಮ್ಮ ಅವ್ವ ಅಂತಿದ್ಲು, ತಳ ಹಿಡಿದ ಅನ್ನಾನೇ ರುಚಿ" ಎಂದು ಕೆರೆದು ಕೆರೆದು ತಿಂದರು. ಅವಳು ಎಲೆ ಹಾಸಿಕೊಂಡು ಕೂರಲು ಬಂದಾಗ ಪಾತ್ರೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅವಳು ಎಲೆಯನ್ನು ಮಡಚಿ ತಿಪ್ಪೆಗೆ ಹಾಕಿದಳು. ಬೈಯಲೂ ಇಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಶಾಮಿಯಾನದ ಗೂಟಗಳನ್ನು ಕಿತ್ತೆಸೆಯುತ್ತ ಬಾಯಿಗೆ ಬಂದಂತೆ ಬೈದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹೊಸ ಚರಂಡಿಯೊಂದರ ಗುದ್ದಲಿ ಪೂಜೆಯಲ್ಲಿ ಅಧ್ಯಕ್ಷರು "ಮಹನೀಯರೇ, ಈ ಚರಂಡಿಗೆ" ಎಂದು ಶುರುಮಾಡಿದವರು "ಬಂದ ಸಿಮೆಂಟು, ಚೇರ್ಮನ್ ಮನೆ ಬೇಸ್‌ಮೆಂಟು" ಎಂದು ತಾಳಬದ್ಧವಾಗಿ ಪೂರ್ತಿ ಹಾಡಿಯೇ ನಿಲ್ಲಿಸಿದರು. ಇಂಗು ತಿಂದ ಮಂಗನ ಹಾಗೆ ನಿಂತ ಅವರನ್ನು ನೋಡಿ ಎಂಜಿನಿಯರು ಗುದ್ದಲಿ ಕೆಳಗಿಟ್ಟರು. ನಾನು ಮಿಕ್ಸರಿನ ಮೇಲೆ ಕೈಯಿಟ್ಟು, ದೇವರಿದ್ದಾನೆ ಎಂದುಕೊಂಡೆ.

ಆದರೆ ನಮ್ಮೂರಿನಲ್ಲಿ ದೇವರಿಗಿಂತ ಪ್ರೊಫೆಸರರು ಚುರುಕು. ಅವರು ಮೈಕು ತೆಗೆದುಕೊಂಡು, "ತನ್ನನ್ನೇ ಗೇಲಿಗೆ ಒಡ್ಡಿಕೊಂಡು ಅಗಲಿದ ಕಲಾವಿದನಿಗೆ ಅಧ್ಯಕ್ಷರು ಸಲ್ಲಿಸಿದ ಈ ನುಡಿನಮನ ನಾಡಿಗೇ ಮಾದರಿ" ಎಂದರು. ಆ ಕೂಡಲೇ ಅವರ ಬಾಯಿಂದಲೂ ಬಿತ್ತು: "ಸಾರು ಸಾರು ಪ್ರೊಫೆಸರು, ಪದ್ಯವೆಲ್ಲ ತಿಳೀಸಾರು, ಶಾಲು ಹೊದ್ಸೋ ಸಭೆಗೆ ಮಾತ್ರ ಕರೀದೇನೇ ಹಾಜರು." ಬಿದ್ದದ್ದನ್ನು ಅವರು ನಸುನಕ್ಕು ನುಂಗಿಕೊಂಡರು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಗುದ್ದಲಿ ಬಿತ್ತು. ಆ ಚರಂಡಿಯ ಸಿಮೆಂಟು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಅಲ್ಲಿಂದ ನಮ್ಮೂರಿಗೆ ಸುಗ್ಗಿ. ಉಂಡವರೆಲ್ಲ ವೇದಿಕೆಯ ಮೇಲೆ ತಮ್ಮ ತಮ್ಮ ಕಳ್ಳತನವನ್ನು ಪ್ರಾಸಬದ್ಧವಾಗಿ ಒಪ್ಪಿಕೊಳ್ಳುತ್ತಿದ್ದರು, ಕೇಳಿದವರೆಲ್ಲ ಎಂಥಾ ವಿನಯ, ಎಂಥಾ ಹಾಸ್ಯಪ್ರಜ್ಞೆ ಎನ್ನುತ್ತಿದ್ದರು. ಎಂ.ಸಿ. ಅರಳು ಸ್ಮಾರಕ ಹಿಪ್‌ಹಾಪ್ ಅಕಾಡೆಮಿ ಶುರುವಾಯಿತು, ಪ್ರೊಫೆಸರರು ಅದರ ನಿರ್ದೇಶಕರಾದರು. ಅಲ್ಲಿ ಕಲಿಯುವ ಮಕ್ಕಳು ಹಾಡನ್ನು ಮೊದಲು ಸಮಿತಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಬೈಗುಳ ಇರಕೂಡದು, ಹೆಸರು ಇರಕೂಡದು, ಪರಿಸರ ಮತ್ತು ಸ್ವಚ್ಛತೆಯ ಬಗ್ಗೆ ಇದ್ದರೆ ಉತ್ತಮ. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರು ಪ್ರಚಾರವಿಡೀ ಕರಿಬಸವನ ಹಾಡನ್ನೇ ಹಾಡಿದರು, ಬೇರೆ ಮಾತು ಬಾಯಿಗೆ ಬಂದರೆ ತಾನೇ. ಇಷ್ಟು ಪ್ರಾಮಾಣಿಕವಾಗಿ ತಿನ್ನುವ ಮನುಷ್ಯ ಎಲ್ಲಿ ಸಿಗುತ್ತಾನೆ ಎಂದು ಜನ ಹಿಂದಿಗಿಂತ ಹೆಚ್ಚು ವೋಟು ಹಾಕಿ ಗೆಲ್ಲಿಸಿದರು.

ಒಂದು ತೊಂದರೆ ಮಾತ್ರ ಉಳಿದಿತ್ತು, ಅದು ಅಧ್ಯಕ್ಷರ ಮನೆಯೊಳಗಿನದು. ಮಧ್ಯಾಹ್ನವಾದರೆ ಸಾಕು, ಅವರ ಬಾಯಿಂದ "ಲೇ ದೆವ್ವ, ಉಂಡ್ಯಾ?" ಎಂದು ಬೀಳುತ್ತಿತ್ತು. ಹೆಂಡತಿ ಸುಗುಣಮ್ಮ ಅದು ತನಗೇ ಹೇಳಿದ್ದೆಂದು ಮೊದಲು ತವರಿಗೆ ಹೊರಟು ನಿಂತರು. ಆಮೇಲೆ ತಿಥಿಯ ಮಾತೆಂದು ತಿಳಿದು, "ಇಷ್ಟ್ ವರ್ಷದಲ್ಲಿ ನೀವಾಗೇ ಒಂದ್ ದಿನ ಉಂಡ್ಯಾ ಅಂತ ಕೇಳಿದ್ದುಂಟಾ? ಸತ್ತ ಹುಡುಗ ಕೇಳ್ಬೇಕಾಯ್ತು" ಎಂದು ಅತ್ತರಂತೆ. ಈ ಸಂಗತಿ ಬೀದಿಗೆ ಬಂದಿರಲಿಲ್ಲ.

ಬೀದಿಗೆ ಬಂದದ್ದು ಕರಿಬಸವನ ಪ್ರತಿಮೆಯ ಅನಾವರಣದ ದಿನ. ಮೈಕನ್ನು ಐಸ್‌ಕ್ರೀಮಿನ ಹಾಗೆ ಬಾಯಿಗೆ ಹಿಡಿದು ನಿಂತ ಆ ಪ್ರತಿಮೆಗೆ ಕರಿಬಸವನ ಹೋಲಿಕೆ ಏನೂ ಇರಲಿಲ್ಲ, ಅಧ್ಯಕ್ಷರದು ಸ್ವಲ್ಪ ಇತ್ತು. ವೇದಿಕೆಯ ಮೇಲೆ ದಾಕ್ಷಾಯಣಿಯನ್ನು ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಬರುವುದಿಲ್ಲ ಎಂದವಳನ್ನು ಗಿರಣಿಯಿಂದಲೇ ಎಬ್ಬಿಸಿಕೊಂಡು ಬಂದಿದ್ದರಿಂದ ಅವಳ ಕೈ, ಹುಬ್ಬು ಎಲ್ಲ ಹಿಟ್ಟಾಗಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಅಧ್ಯಕ್ಷರು ಅವಳತ್ತ ತಿರುಗಿ "ಈ ತಾಯಿಯ ತ್ಯಾಗ" ಎಂದವರು ತಡೆದರು, ಗಂಟಲು ಕೆರೆದರು, ಆಮೇಲೆ ಮೈಕಿನಲ್ಲಿ ಕೇಳಿದರು:

"ಲೇ ದೆವ್ವ, ಉಂಡ್ಯಾ?"

ಜನ ಹೋ ಎಂದು ನಕ್ಕರು. ಅಕಾಡೆಮಿಯ ಮಕ್ಕಳು ಅದು ಹಾಡಿನ ಪಲ್ಲವಿಯೆಂದುಕೊಂಡು ಚಪ್ಪಾಳೆ ತಟ್ಟಿ "ಲೇ ದೆವ್ವ ಉಂಡ್ಯಾ, ಲೇ ದೆವ್ವ ಉಂಡ್ಯಾ" ಎಂದು ಹಿಡಿದರು. ಧ್ವನಿ ಅಧ್ಯಕ್ಷರದೇ, ಎಲೆಯಡಿಕೆಯಿಂದ ಒರಟಾದದ್ದು. ದಾಕ್ಷಾಯಣಿ ಬುಟ್ಟಿ ಕೆಳಗಿಟ್ಟಳು. ಅವಳು ಮೆಲ್ಲಗೇ ಹೇಳಿದರೂ ಮೈಕು ಹತ್ತಿರವಿದ್ದುದರಿಂದ ನನ್ನ ಹಾರ್ನುಗಳಲ್ಲಿ ಊರಿಗೆಲ್ಲ ಕೇಳಿಸಿತು: "ಇಲ್ಲ ಕಣೋ, ಹಿಟ್ಟು ತೊಳ್ಕೊಂಡ್ ಬರ್ತೀನಿ ಇರು." ಇದನ್ನೂ ಮೊದಲೇ ಅಭ್ಯಾಸ ಮಾಡಿಸಿದ್ದಾರೆಂದು ಜನ ಇನ್ನಷ್ಟು ಚಪ್ಪಾಳೆ ಹೊಡೆದರು. ನನಗೆ ಕಣ್ಣು ಮಂಜಾಗಿ ಯಾವ ಗುಂಡಿ ತಿರುಗಿಸುತ್ತಿದ್ದೇನೆಂದು ಕಾಣಲಿಲ್ಲ.

ಅಂದಿನಿಂದ ಮಧ್ಯಾಹ್ನ ಗಿರಣಿ ನಿಲ್ಲಿಸಿದವಳು ನೇರ ಮನೆಗೆ ಹೋಗದೆ ಅಧ್ಯಕ್ಷರ ಬೀದಿ ಸುತ್ತಿಕೊಂಡು ಹೋಗತೊಡಗಿದಳು. ಅವರ ಕಾಂಪೌಂಡಿನ ಆಚೆ ನಿಲ್ಲುತ್ತಿದ್ದಳು. ಒಳಗಿಂದ ಆ ಮಾತು ಬಿದ್ದರೆ ಉತ್ತರ ಕೊಟ್ಟು ಹೊರಡುತ್ತಿದ್ದಳು. ಅಧ್ಯಕ್ಷರಿಗೆ ಮೊದಲು ಮುಜುಗರವಾಯಿತು, ಆಮೇಲೆ ಇದರಿಂದ ತಮಗೆ ಒಳ್ಳೆ ಹೆಸರು ಬರುವುದೆಂದು ತಿಳಿದು, ಜಗಲಿಗೆ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು.

ಹೀಗಿರುವಾಗ ಅವರಿಗೆ ಕಾಮಾಲೆ ಹಿಡಿಯಿತು. ಲಿವರೇ ಕೆಟ್ಟಿದೆ ಎಂದರು ಡಾಕ್ಟರು. ಊರಿನಲ್ಲಿ ಗುಸುಗುಸು ಶುರುವಾಯಿತು. ಆ ಮನುಷ್ಯನ ತಿಥಿಗೆ ಯಾರು ಹೋಗುತ್ತಾರೆ? ಹೋದವರ ಎಲೆಗೆ ಅವರ ಯಾವ ಭಾಷಣ ಬೀಳುತ್ತದೋ, ಯಾವ ಸುಳ್ಳು ಬೀಳುತ್ತದೋ. ವೋಟು ಹಾಕಿದವರೇ ಆ ದಿನಕ್ಕೆಂದು ಬೇರೆ ಊರಿನ ನೆಂಟರನ್ನು ಜ್ಞಾಪಿಸಿಕೊಳ್ಳತೊಡಗಿದರು. ಪ್ರೊಫೆಸರರಿಗೆ ಸಕ್ಕರೆ ಕಾಯಿಲೆಯಿಂದ ಹೊರಗಿನ ಊಟ ವರ್ಜ್ಯವಾಯಿತು. ಉಂಡವರು ಸತ್ತರೆ ಅವರು ಹಿಂದೆ ಉಂಡಿದ್ದ ಮಾತೂ ಅವರ ಸ್ವಂತ ಮಾತಿನ ಜೊತೆಯಲ್ಲೇ ಹಂಚಿಹೋಗುವುದು ನಮ್ಮಲ್ಲಿನ ಕ್ರಮ. ಹಾಗಾಗಿ ದಾಕ್ಷಾಯಣಿಗೆ ಒಳ್ಳೆ ಕಾಲ ಬಂತೆಂದು ನನಗೆ ಖುಷಿಯೇ ಆಯಿತು. ಗಿರಣಿಗೆ ಹೋಗಿ ಹೇಳಿದೆ.

"ನೋಡವ್ವ, ಬೇರೆ ಯಾರೂ ಬರಲ್ಲ. ಪಾತ್ರೆ ತುಂಬ ನಿಂದೇ. ನಾಕ್ ಸುಳ್ಳೂ ಜೊತೇಲಿ ಬರ್ಬಹುದು, ಬಂದ್ರೆ ಬರ್ಲಿ. ನಿನ್ ತಮ್ಮನ್ ಮಾತು ನಿನ್ ಬಾಯಿಗ್ ಬರ್ತದೆ."

ಅವಳು ಬೆಲ್ಟು ನಿಲ್ಲಿಸಿದಳು. "ನನ್ ಬಾಯಲ್ಲಿದ್ರೆ ನನ್ನ ಕೇಳೋರ್ ಯಾರು ತೋಂಟಣ್ಣ?"

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ಅವತ್ತು ತಿಥೀಲಿ ನಾನೂ ಪೆದ್ದಿ ಹಂಗೆ ಎಲೆ ಹಾಕ್ಕೊಂಡ್ ಕೂರೋಕ್ ಬಂದೆ. ತಳ ನಂಗೆ ಸಿಕ್ಕಿದ್ರೆ ಏನಾಗೋದು? ದಿನಾ ಮಧ್ಯಾಹ್ನ ಖಾಲಿ ಮನೇಲಿ ಕೂತು, ಲೇ ದೆವ್ವ ಉಂಡ್ಯಾ ಅಂತ ನನ್ನ ನಾನೇ ಕೇಳ್ಕೋಬೇಕಾಗಿತ್ತು. ಆ ಮಾತು ಇನ್ನೊಬ್ರ ಬಾಯಲ್ಲೇ ಇರ್ಬೇಕು. ಆ ಬಾಯಿ ಎಂಥಾದ್ದಾದ್ರೂ ಸರಿ."

ಅದರ ಮಾರನೆಯ ದಿನ ಅವಳು ದೇವಸ್ಥಾನದಲ್ಲಿ ವೃಷಭೇಂದ್ರಪ್ಪನವರ ಹೆಸರಿನಲ್ಲಿ ಆಯಸ್ಸಿಗೆಂದು ಅರ್ಚನೆ ಮಾಡಿಸಿದಳು. ಅರ್ಚಕರು ಹೆಸರನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರಂತೆ. ತಮ್ಮನ ಕಾಯಿಲೆಯ ಕಾಲದಲ್ಲಿ ಯಾವ್ಯಾವ ಬೇರು, ಯಾವ್ಯಾವ ಸೊಪ್ಪು ಎಂದು ತಿಳಿದುಕೊಂಡಿದ್ದಳೋ ಎಲ್ಲ ಹುಡುಕಿ ತಂದಳು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕಳಿಸಿದಳು. ಊರಿಗೆ ಊರೇ ಇದನ್ನು ಕೊಂಡಾಡಿತು. ಕ್ಷಮಾಗುಣ ಅಂದರೆ ಇದು ಎಂದು ಪ್ರೊಫೆಸರರು ಪತ್ರಿಕೆಗೆ ಬರೆದರು, ಎಂ.ಸಿ. ಅರಳು ಪರಂಪರೆಯೇ ಪ್ರೀತಿಯ ಪರಂಪರೆ ಎಂದರು. ನಮ್ಮವರಿಗೆ ತಪ್ಪು ತಿಳಿದುಕೊಳ್ಳುವುದರಲ್ಲಿ ಇರುವ ಪ್ರತಿಭೆ ಬೇರೆ ಯಾವುದರಲ್ಲೂ ಇಲ್ಲ.

ಕಾಯಿಲೆ ಏರಿದ ದಿನ ಸುಗುಣಮ್ಮ ಹೇಳಿಕಳಿಸಿದರು, ಯಾರು ಕೊಟ್ಟರೂ ಬಾಯಿ ಬಿಡುತ್ತಿಲ್ಲ ಎಂದು. ದಾಕ್ಷಾಯಣಿ ಗಂಜಿ ಮಾಡಿಕೊಂಡು ಹೊರಟಳು. ಫ್ಯಾನಿನ ವಯರು ಸರಿಮಾಡಲು ನನ್ನನ್ನೂ ಕರೆದಿದ್ದರು, ಹೀಗಾಗಿ ನಾನೂ ಆ ಕೋಣೆಯಲ್ಲಿದ್ದೆ. ಅಧ್ಯಕ್ಷರು ಅರಿಶಿನ ಬಳಿದಂತೆ ಹಳದಿಯಾಗಿ, ಸೊರಗಿ ಅರ್ಧವಾಗಿ ಮಲಗಿದ್ದರು. ಗೋಡೆಯ ತುಂಬ ಸನ್ಮಾನದ ಫೋಟೋಗಳು. ಅವಳು ಹಾಸಿಗೆಯ ಪಕ್ಕ ಕೂತು ಬಟ್ಟಲಿಗೆ ಗಂಜಿ ಬಗ್ಗಿಸಿ ಆರಿಸತೊಡಗಿದಳು.

ಅವರ ತುಟಿ ಅಲುಗಿತು. ಬಂದ ಧ್ವನಿಯಲ್ಲಿ ಜೀವವಿರಲಿಲ್ಲ, ಆದರೂ ಮಾತು ಸ್ಪಷ್ಟವಿತ್ತು. "ಲೇ ದೆವ್ವ, ಉಂಡ್ಯಾ?"

"ಇನ್ನೂ ಇಲ್ಲ ಕಣೋ," ಅಂದಳು ದಾಕ್ಷಾಯಣಿ. ಆ ಮೂರು ಮಾತಿನಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಬಾಗಿಲಲ್ಲಿ ನಿಂತಿದ್ದ ಸುಗುಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಧ್ಯಕ್ಷರ ಕಣ್ಣಿಂದಲೂ ನೀರು ಇಳಿಯಿತು. ಅವರು ಕಷ್ಟಪಟ್ಟು ಕೈಯೆತ್ತಿ ಅವಳ ಮುಂಗೈ ಮುಟ್ಟಿದರು. ಈ ಸಲ ಬಂದದ್ದು ಅವರದೇ ಮಾತು.

"ದಾಕ್ಷಾಯಣಿ, ಅವತ್ತು ಬಸ್‌ಸ್ಟಾಪ್ ಉದ್ಘಾಟನೇಲಿ ನಾನಂದ ಮಾತು... ನನ್ನ ಕ್ಷಮಿಸಿದ್ದೀಯ ಅಲ್ವೇನಮ್ಮ?"

ಅವಳು ಚಮಚದ ಗಂಜಿಯನ್ನು ಊದಿ, ಬಿಸಿ ನೋಡಿದಳು.

"ಇಲ್ಲ," ಅಂದಳು. "ಬಾಯ್ ತೆಗೀರಿ."